ಎರಡು ಬಾವುಟ, ಒಂದು ಗರಿ

ದನಗಳು ನುಗ್ಗಿದ್ದು ಭಾನುವಾರ. ಆಗ ನಾವು ಚರ್ಚಿನಲ್ಲಿ ನಿಂತು ಶತ್ರುಗಳನ್ನು ಕ್ಷಮಿಸುವ ಹಾಡು ಹೇಳುತ್ತಿದ್ದೆವು. ಹೊರಗೆ ಬಂದು ನೋಡಿದರೆ ತೆಂಗಿನ ತೋಪಿನ ಧಣಿ ರೊಶೆ ಮಾಸ್ಟನ ದನದ ಹಿಂಡು ನಮ್ಮ ಗೆಣಸಿನ ತೋಟದಲ್ಲಿ ಮೇಯುತ್ತಿತ್ತು. ಅವನು ಎಳೆದಿದ್ದ ತಂತಿಬೇಲಿ ಹರಿದಿರಲಿಲ್ಲ. ಯಾರೋ ಬಿಚ್ಚಿ, ಸುರುಳಿ ಸುತ್ತಿ, ಕಂಬದ ಬುಡದಲ್ಲಿ ಇಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು.

ದೊಡ್ಡವ್ವ ಲೇಪಕೋವಾ ಭಾನುವಾರದ ಉದ್ದ ಅಂಗಿಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ ತೋಟಕ್ಕಿಳಿದಳು. ನಾನು ಹಿಂದೆ ಓಡಿದೆ. ದನಗಳನ್ನು ಅಟ್ಟಿದೆವು. ಬಳ್ಳಿ ಹಬ್ಬಿಸಿದ್ದ ಗಳುಗಳೆಲ್ಲ ಮುರಿದಿದ್ದವು. ಕೈಯಿಂದ ಕೆದರಿ ಏರಿಸಿದ್ದ ಮಣ್ಣಿನ ಗುಡ್ಡೆಗಳು ಗೊರಸಿನಡಿ ಸಿಕ್ಕಿ ಸೆಗಣಿಯ ಜೊತೆ ಕಲಸಿಹೋಗಿದ್ದವು. ದೊಡ್ಡವ್ವ ಒಂದು ಗುಡ್ಡೆಯೊಳಗೆ ಕೈಹಾಕಿ ಗೆಣಸು ಎಳೆದಳು. ತೋಳುದ್ದದ ಹೆಗ್ಗೆಣಸು. ನಡುವೆ ಒಡೆದಿತ್ತು. ಇನ್ನೂ ಬಲಿತಿರಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೆಸರಲ್ಲಿ ಕೂತಳು. ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

"ಲೇತೌ, ಹಳ್ಳದಾಚೆ ಏನಾಗದೆ ನೋಡ್ಕೊಂಡು ಬಾ," ಅಂದಳು.

ಹಳ್ಳದಾಚೆಯ ತುಂಡು ಉಳಿದಿತ್ತು. ಬಿತ್ತನೆಯ ಗೆಣಸು ಇದ್ದದ್ದು ಅಲ್ಲೇ. ನಾವು ಹೆಗ್ಗೆಣಸು ಕುಲದವರು. ನಮಗೆ ಕುಲ ತಾಯಿಯಿಂದ ಬರುತ್ತದೆ. ನೆಲವೂ ತಾಯಿಯಿಂದ, ಬಿತ್ತನೆಯೂ ತಾಯಿಯಿಂದ. ನನ್ನ ಅವ್ವ ತೀರಿಕೊಂಡ ಮೇಲೆ ಅವಳ ಅಕ್ಕನಾದ ಲೇಪಕೋವಾಳೇ ಕುಲಕ್ಕೆ ಹಿರಿಯಳು. ಆ ಗೆಣಸಿನ ತಳಿ ಅವಳ ಅಜ್ಜಿಯ ಅಜ್ಜಿ ಕೈಯಿಂದ ಕೈಗೆ ಬಂದದ್ದು. ಹಳ್ಳದಾಚೆಯದೂ ಹೋದರೆ ಮುಂದಿನ ವರ್ಷ ನೆಡಲು ಏನೂ ಇಲ್ಲ. ನೆಡಲು ಗೆಣಸಿಲ್ಲದ ಗೆಣಸು ಕುಲ ಯಾತಕ್ಕೆ?

ರೊಶೆ ಮಾಸ್ಟ ಫ್ರೆಂಚ್ ಜಾತಿಯವನು. ಅವನ ತೆಂಗಿನ ತೋಪಿನಲ್ಲಿ ಹಾಲುಹಲ್ಲು ಬೀಳುವ ಮೊದಲಿಂದ ನಾನು ಕೊಬ್ಬರಿ ಕೆತ್ತಿದ್ದೇನೆ. ಕಾಯಿ ಒಡೆಯುವುದು, ಚೂರಿ ತೂರಿಸಿ ಮೀಟುವುದು, ಹೊಗೆಗೂಡಿನ ಮೇಲೆ ಹರವುವುದು, ಒಣಗಿದ್ದನ್ನು ಗೋಣಿಗೆ ತುಂಬುವುದು, ಗೋಣಿಯನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ಕಡಲಲ್ಲಿ ನಡೆದು ದೋಣಿಗೆ ಏರಿಸುವುದು. ನನ್ನ ಬಲಗೈ ಹೆಬ್ಬೆರಳು ಮಡಚುವುದಿಲ್ಲ. ಹೊಗೆಗೆ ಕಣ್ಣು ಸದಾ ಕೆಂಪು. ನನ್ನನ್ನು ಕಂಡ ಹೊಸಬರು ಇವಳೇನು ಈಗ ಅತ್ತು ಬಂದಳೇ ಎಂದು ಕೇಳುತ್ತಾರೆ. ಅತ್ತಿದ್ದೇನೆ, ಬಿಡಿ.

ಆ ತೋಪಿನ ನೆಲವೂ ನಮ್ಮದೇ. ಹಿಂದೆ ಹಡಗಿನವರು ಬಂದು ಕಾಗದ ಹಿಡಿದಾಗ ಅದಕ್ಕೆ ಗೀಟೆಳೆದವನು ನನ್ನ ಅಜ್ಜ, ಅವ್ವನ ಅಪ್ಪ. ಅಜ್ಜ ಏಡಿ ಕುಲದವನು. ನಮ್ಮ ನೆಲದಲ್ಲಿ ಅವನು ಹೆಂಡತಿಯ ಕಡೆ ಉಂಡುಕೊಂಡಿದ್ದ ನೆಂಟ. ನೆಂಟ ಮನೆ ಮಾರಬಹುದೇ? ಮಾರಿದೆ ಎಂದು ಅವನೂ ತಿಳಿದಿರಲಿಲ್ಲ. ಪರದೇಶಿ, ನಾಲ್ಕು ತೆಂಗು ಹಾಕಿ ತಿನ್ನಲಿ, ಹೋಗುವಾಗ ಬಿಟ್ಟು ಹೋಗುತ್ತಾನೆ ಅಂದುಕೊಂಡಿದ್ದ. ಬಿಳಿಯರು ನಮ್ಮ ಹೆಂಗಸರನ್ನು ಒಂದು ಮಾತೂ ಕೇಳಲಿಲ್ಲ. ಗಡ್ಡ ಇದ್ದವನೇ ಯಜಮಾನ ಎಂದು ಅವರೇ ತೀರ್ಮಾನ ಮಾಡಿಕೊಂಡರು.

ಸೋಮವಾರ ನಾವಿಬ್ಬರೂ ಒಡೆದ ಗೆಣಸನ್ನು ಬುಟ್ಟಿಯಲ್ಲಿಟ್ಟುಕೊಂಡು ದೊರೆಗಳ ಹತ್ತಿರ ಹೊರಟೆವು.

ದೊರೆಗಳು ಎಂದೆ. ನಮ್ಮ ದ್ವೀಪಗಳನ್ನು ಆಳುವವರು ಇಬ್ಬರು. ಒಬ್ಬ ಇಂಗ್ಲಿಷ್ ದೊರೆ, ಒಬ್ಬ ಫ್ರೆಂಚ್ ದೊರೆ. ಎರಡು ಪೊಲೀಸು, ಎರಡು ಜೈಲು, ಎರಡು ಆಸ್ಪತ್ರೆ, ಎರಡು ಕಾನೂನು. ಎದುರುಬದುರು ಎರಡು ಗುಡ್ಡ, ಗುಡ್ಡಕ್ಕೊಂದು ಬಂಗಲೆ, ಬಂಗಲೆಗೊಂದು ಬಾವುಟ. ಎರಡು ಬಾವುಟವೂ ಒಂದೇ ಹೊತ್ತಿಗೆ ಏರಬೇಕು, ಒಂದೇ ಎತ್ತರದಲ್ಲಿ ನಿಲ್ಲಬೇಕು. ಒಂದು ಗೇಣು ಹೆಚ್ಚುಕಡಿಮೆಯಾದರೆ ಇಬ್ಬರಿಗೂ ನಿದ್ದೆ ಬರುವುದಿಲ್ಲ. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಸಾವು ಅನ್ನುತ್ತಾರೆ. ಇಲ್ಲಿ ಕೋಣಗಳು ಹೋರಾಡುವುದೂ ಇಲ್ಲ. ಜೊತೆಯಾಗಿ ಮೇಯುತ್ತವೆ.

ಇಂಗ್ಲಿಷ್ ದೊರೆ ಜಗಲಿಯ ಮೇಲೆ ನಿಂತು ಬುಟ್ಟಿ ನೋಡಿದ. ನಾವು ಮೆಟ್ಟಿಲ ಕೆಳಗೆ ಬಿಸಿಲಲ್ಲಿ ನಿಂತಿದ್ದೆವು. ದ್ವೀಪದ್ವೀಪದವರು ಕಲೆತು ಆಡುವ ನಮ್ಮ ಸಂತೆಮಾತು ಅವನಿಗೆ ಬರುತ್ತಿತ್ತು.

"ರೊಶೆ ಫ್ರೆಂಚ್ ಪ್ರಜೆ," ಅಂದ. "ಅವನ ಮೇಲೆ ದೂರಿದ್ರೆ ಆ ಗುಡ್ಡಕ್ಕೆ ಹೋಗಿ."

ಇಳಿದೆವು. ಹತ್ತಿದೆವು. ಫ್ರೆಂಚ್ ದೊರೆ ಊಟ ಮಾಡುತ್ತಿದ್ದ. ಅವನು ಎದ್ದು ಬರುವವರೆಗೆ ಹೊರಗೆ ಕಾದೆವು. ಬಂದವನು ಹಲ್ಲು ಚುಚ್ಚಿಕೊಳ್ಳುತ್ತ ಕೇಳಿದ.

"ನೆಲದ ತಕರಾರು ಜಂಟಿ ಕೋರ್ಟಿಂದು. ನನ್ನದಲ್ಲ."

"ಆ ಕೋರ್ಟು ಯಾವಾಗ ಕೂರ್ತದೆ ದೊರೆ?" ದೊಡ್ಡವ್ವ ಕೇಳಿದಳು.

"ಕೂತಾಗ ಗೊತ್ತಾಗುತ್ತೆ."

"ಅಷ್ಟರಲ್ಲಿ ದನ ಎಲ್ಲಾ ಮೇದುಬಿಟ್ರೆ?"

"ಮುದುಕಿ, ನೀನು ಫ್ರೆಂಚ್ ಪ್ರಜೆನಾ? ಅಲ್ಲ. ನನ್ನ ತಲೆ ಯಾಕೆ ತಿಂತೀಯ?"

"ಇಂಗ್ಲಿಷ್ ಪ್ರಜೆನೂ ಅಲ್ವಂತೆ. ಹಂಗಾರೆ ನಾವು ಯಾರ ಪ್ರಜೆ?"

ಅವನು ಹಲ್ಲು ಚುಚ್ಚುವುದನ್ನು ನಿಲ್ಲಿಸಿದ. ಮೊದಲ ಸಲ ಯಾರೋ ಕೇಳಿದ ಹಾಗಿತ್ತು. "ಯಾರ ಪ್ರಜೆನೂ ಅಲ್ಲ," ಅಂದ. "ಇಬ್ಬರ ಆಶ್ರಯದಲ್ಲಿ ಇದೀರಿ."

ಗುಡ್ಡ ಇಳಿಯುವಾಗ ದೊಡ್ಡವ್ವ ಉಗುಳಿದಳು. "ಗಂಡಂದಿರು ಇಬ್ಬರು. ಮನೆಗೆ ಸೌದೆ ತರೋಕೆ ಒಬ್ಬನೂ ಇಲ್ಲ."

ಆ ಸಂಜೆಯೇ ಅವಳು ಕಾಡಿಗೆ ಹೋಗಿ ನಮೆಲೆ ಗರಿ ಕಡಿದು ತಂದಳು. ನಮೆಲೆ ನಮ್ಮ ಕಾಡಿನ ಗಿಡ. ಒರಟು ಕಾಂಡ, ತಲೆಯಲ್ಲಿ ಮುಳ್ಳುಮುಳ್ಳಾದ ಉದ್ದ ಗರಿ. ಅದನ್ನು ದಾರಿಗೆ ಅಡ್ಡ ಕಟ್ಟಿದರೆ ಮುಗಿಯಿತು. ಆಚೆ ಕಾಲಿಡುವಂತಿಲ್ಲ. ಕಟ್ಟಿದವರೇ ಬಿಚ್ಚಬೇಕು. ಬೇರೆಯವರು ಕಿತ್ತರೆ ಕಟ್ಟಿದವರಿಗೆ ಹಂದಿ ದಂಡ ಕೊಡಬೇಕು. ಕೊಡುವವರೆಗೆ ಕಿತ್ತ ಕೈ ಕಟ್ಟುಬಿದ್ದ ಕೈ. ಆ ಕೈ ಹಗ್ಗ ಎಳೆಯುವಂತಿಲ್ಲ, ದೋಣಿಗೆ ಹುಟ್ಟು ಹಾಕುವಂತಿಲ್ಲ, ಮಗುವನ್ನು ಎತ್ತುವಂತಿಲ್ಲ. ಚರ್ಚು ಬಂದು ಎಷ್ಟೋ ಕಾಲವಾಯಿತು, ಈ ಕಟ್ಟು ಮಾತ್ರ ಹೋಗಿಲ್ಲ.

ನನ್ನ ಸೋದರಮಾವ ಕಾಲ್ಫಾವು ಊರಿನ ಮುಖ್ಯಸ್ಥ. ದೊಡ್ಡವ್ವನ ತಮ್ಮ. ಅವನು ಓಡಿ ಬಂದ.

"ಅಕ್ಕ, ಗರಿ ಕಟ್ಟೋದು ಮುಖ್ಯಸ್ಥರ ಕೆಲಸ. ಹೆಂಗಸರು ಕಟ್ಟೋದುಂಟಾ?"

"ಸರಿ, ನೀನೇ ಕಟ್ಟು. ತಗೋ."

ಮಾವ ಗರಿ ನೋಡಿದ. ಕೈ ಚಾಚಲಿಲ್ಲ. ದೊರೆಗಳು ನಮ್ಮವರ ಮೊಕದ್ದಮೆ ನಡೆಸುವಾಗ ಪಕ್ಕದಲ್ಲಿ ಕೂತು ಸಲಹೆ ಹೇಳುವ ಕುರ್ಚಿ ಅವನಿಗೆ ಕೊಟ್ಟಿದ್ದರು. ಆ ಕುರ್ಚಿ ಅವನ ಕಣ್ಣ ಮುಂದೆ ಬಂತು ಅಂತ ಕಾಣುತ್ತದೆ.

"ನಿನ್ನ ಕುಲ ಯಾವುದೋ?" ದೊಡ್ಡವ್ವ ಕೇಳಿದಳು.

"ಇದೇನಕ್ಕ ಕೇಳ್ತೀಯ. ಗೆಣಸು ಕುಲ."

"ನಿನ್ನ ಮಕ್ಕಳ ಕುಲ?"

ಮಾವನ ಮಕ್ಕಳು ಅವರ ತಾಯಿಯ ಕುಲ. ನಮ್ಮ ನೆಲ ಅವರಿಗೆ ಹೋಗುವುದಿಲ್ಲ.

"ಹಂಗಾರೆ ಬದಿಗೆ ಸರಿ," ಅಂದಳು. "ನೆಲ ಹೊತ್ತವಳು ನಾನು. ಕಟ್ಟೋಳೂ ನಾನೇ."

ರೊಶೆಯ ಗಾಡಿದಾರಿ ಮೇಲಿನ ತೋಪಿನಿಂದ ನಮ್ಮ ತೋಟದ ಪಕ್ಕ ಹಾದು, ಹಳ್ಳ ದಾಟಿ, ಕಡಲ ದಂಡೆಯ ಹೊಗೆಗೂಡಿಗೆ ಇಳಿಯುತ್ತದೆ. ದನ ಬರುವುದೂ ಅದೇ ದಾರಿ, ಕೊಬ್ಬರಿ ಹೋಗುವುದೂ ಅದೇ ದಾರಿ. ಎರಡು ಕಂಬದ ನಡುವೆ ಬಳ್ಳಿ ಎಳೆದು ನಟ್ಟನಡುವೆ ಗರಿ ಕಟ್ಟಿದೆವು. ಒಂದು ಕಡೆಯ ಗಂಟು ಅವಳು ಹಾಕಿದಳು. ಇನ್ನೊಂದು ಕಡೆಯದು ನಾನು.

ಬೆಳಿಗ್ಗೆ ಆಳುಗಳು ಬಂದರು. ನಮ್ಮೂರವರಿದ್ದರು, ಬೇರೆ ದ್ವೀಪದಿಂದ ದುಡಿಯಲು ಬಂದವರೂ ಇದ್ದರು. ಗರಿ ಕಂಡದ್ದೇ ಗಾಡಿ ನಿಲ್ಲಿಸಿ ನೆರಳಿಗೆ ಹೋಗಿ ಕೂತರು. ಬೇರೆ ದ್ವೀಪದವನೊಬ್ಬ, "ಯಾರವ್ವ ಕಟ್ಟಿದ್ದು? ಅವರಿಗೆ ಪುಣ್ಯ ಬರಲಿ. ಬೆನ್ನು ಸ್ವಲ್ಪ ಆರ್ತದೆ," ಅಂದ. ರೊಶೆ ಕುದುರೆಯ ಮೇಲೆ ಬಂದು ಕೂಗಾಡಿದ. ಚಾಟಿ ತೋರಿಸಿದ. ಒಬ್ಬನೂ ಏಳಲಿಲ್ಲ. ತಾನೇ ಕುದುರೆಯಿಂದ ಇಳಿದು ಗರಿಯ ಹತ್ತಿರ ಹೋದ. ಸುತ್ತ ನೋಡಿದ. ನೂರು ಕಣ್ಣು ಅವನ ಕೈಯ ಮೇಲಿದ್ದವು. ಈ ನಾಡಿನಲ್ಲೇ ಹುಟ್ಟಿ ಬೆಳೆದವನು. ಅವನಿಗೂ ಗೊತ್ತಿತ್ತು. ಕುದುರೆ ಹತ್ತಿ ದೊರೆಗಳ ಗುಡ್ಡಕ್ಕೆ ಹೋದ.

ನಮಗೆ ಕೂರದ ಕೋರ್ಟು ಅವನಿಗೆ ಮೂರೇ ದಿನದಲ್ಲಿ ಕೂತಿತು. ಊರ ಆಲದ ಮರದ ಕೆಳಗೆ ಮೇಜು ಹಾಕಿದರು. ಒಂದೇ ಅಳತೆಯ ಎರಡು ಕುರ್ಚಿ. ಬದಿಯಲ್ಲಿ ಮಾವನ ಗಿಡ್ಡ ಕುರ್ಚಿ. ದೊಡ್ಡವ್ವನೂ ನಾನೂ ನೆಲದ ಮೇಲೆ.

"ದಾರಿಗೆ ಅಡ್ಡ ಕಟ್ಟಿದ್ದು ನೀನೇನಾ?" ಇಂಗ್ಲಿಷ್ ದೊರೆ ಕೇಳಿದ.

"ನಾನೇ."

"ಒಂದು ಗಂಟು ನಂದು," ಅಂದೆ. ಯಾರೂ ಕೇಳಿರಲಿಲ್ಲ. ಆದರೂ ಅಂದೆ.

"ದಾರಿ ರೊಶೆಯವರದು. ಜಾಗ ಅವರದು. ನಿಮ್ಮಪ್ಪನೇ ಗುರುತು ಹಾಕಿದಾನೆ."

"ನಮ್ಮಪ್ಪ ನನಗೆ ಅಪ್ಪ ದೊರೆ. ನೆಲಕ್ಕೆ ಏನೂ ಅಲ್ಲ," ದೊಡ್ಡವ್ವ ಅಂದಳು. "ನಿಮ್ಮ ದೇಶದಲ್ಲಿ ರಾಣಿ ಆಳೋದಂತೆ. ರಾಣಿ ಗಂಡ ಕುಡಿದ ಮತ್ತಲ್ಲಿ ಅರಮನೆ ಮಾರಿ ಗೀಟೆಳೆದ್ರೆ, ಕೊಂಡೋನಿಗೆ ಬಿಟ್ಟುಕೊಡ್ತೀರಾ?"

ಜನ ನಕ್ಕರು. ಫ್ರೆಂಚ್ ದೊರೆ ಎಲ್ಲರಿಗಿಂತ ಜೋರಾಗಿ ನಕ್ಕ. ಇಂಗ್ಲಿಷ್ ದೊರೆಯ ಕತ್ತು ಕೆಂಪಾಯಿತು. ಆ ನಗುವಿನಿಂದಲೇ ನಮಗೆ ಶಿಕ್ಷೆ ಹೆಚ್ಚಾಯಿತು ಎಂದು ಈಗಲೂ ಹೇಳುತ್ತಾರೆ.

ಮಾವನನ್ನು ಕೇಳಿದರು. ಅವನು ತನ್ನ ಹೊಸ ಚಪ್ಪಲಿ ನೋಡುತ್ತ, "ಕಾನೂನು ಹೆಂಗದೋ ಹಂಗೆ ಆಗಲಿ," ಅಂದ. ಅವನನ್ನು ಎತ್ತಿ ಆಡಿಸಿದ ಅಕ್ಕ ಎದುರಿಗೆ ನೆಲದ ಮೇಲೆ ಕೂತಿದ್ದಳು. ನನಗೆ ಅವನ ಮುಖಕ್ಕೆ ಉಗಿಯುವಷ್ಟು ಸಿಟ್ಟು ಬಂತು. ದೊಡ್ಡವ್ವ ನನ್ನ ತೊಡೆಯನ್ನು ಒತ್ತಿ ಹಿಡಿದಳು.

ಒಂದು ತಿಂಗಳು ಜೈಲು, ಜೈಲಿನಲ್ಲಿ ಕೆಲಸ. ಗರಿ ಕೀಳಬೇಕು. ತೀರ್ಪು ಸಲೀಸಾಗಿ ಬಂತು. ಗರಿ ಕೀಳುವವರು ಯಾರು ಎಂಬಲ್ಲಿ ಸಿಕ್ಕಿಕೊಂಡಿತು. ರೊಶೆ ನಿಮ್ಮವನು, ನಿಮ್ಮ ಪೊಲೀಸು ಕೀಳಲಿ ಅಂತ ಇಂಗ್ಲಿಷ್ ದೊರೆ. ಹೆಂಗಸರು ಯಾರವರೂ ಅಲ್ಲ, ನನ್ನ ಪೊಲೀಸೇ ಯಾಕೆ ಕೀಳಬೇಕು ಅಂತ ಫ್ರೆಂಚ್ ದೊರೆ. ಬಿಸಿಲು ನೆತ್ತಿಗೇರುವವರೆಗೆ ಜಗ್ಗಾಡಿದರು. ಕೊನೆಗೆ ಒಂದು ಬದಿ ಇಂಗ್ಲಿಷ್ ಪೊಲೀಸು, ಇನ್ನೊಂದು ಬದಿ ಫ್ರೆಂಚ್ ಪೊಲೀಸು, ಒಂದೇ ಸಲಕ್ಕೆ ಎಳೆಯಬೇಕು ಎಂದಾಯಿತು.

ಪೊಲೀಸರೇನು ಬಿಳಿಯರಲ್ಲ. ನಮ್ಮವರೇ. ಇಂಗ್ಲಿಷ್ ಟೋಪಿ ಹಾಕಿದ್ದವನು ಪಕ್ಕದ ಪುಟ್ಟ ದ್ವೀಪದ ಕಾಲ್ತಾಂಗ. ಫ್ರೆಂಚ್ ಟೋಪಿಯವನು ದೂರದ ತಾನ್ನಾ ದ್ವೀಪದವನು. ಇಬ್ಬರೂ ಬಳ್ಳಿ ಹಿಡಿದು ನಿಂತರು. ಕಾಲ್ತಾಂಗ ದೊಡ್ಡವ್ವನನ್ನು ನೋಡಿದ. ದೊಡ್ಡವ್ವ ಅವನನ್ನೇ ನೋಡಿದಳು. "ಎಳಿ," ಅಂದ ದೊರೆ. ಇಬ್ಬರೂ ಎಳೆದರು. ಗರಿ ನೆಲಕ್ಕೆ ಬಿತ್ತು. ಜನ ಮನೆಗೆ ಹೋದರು. ಅಷ್ಟು ಜನ ಅಷ್ಟು ಸದ್ದಿಲ್ಲದೆ ನಡೆದದ್ದನ್ನು ನಾನು ಹೆಣದ ಹಿಂದೆ ಬಿಟ್ಟು ಬೇರೆಲ್ಲೂ ಕಂಡಿಲ್ಲ.

ನಮ್ಮ ಶಿಕ್ಷೆಯೂ ಜಂಟಿ. ಊಟ ಒಬ್ಬರದು, ಬೀಗ ಇನ್ನೊಬ್ಬರದು. ಬೆಳಿಗ್ಗೆ ಇಂಗ್ಲಿಷ್ ಗುಡ್ಡದ ಹುಲ್ಲು ಕೊಯ್ಯಬೇಕು, ಮಧ್ಯಾಹ್ನ ಫ್ರೆಂಚ್ ಗುಡ್ಡದ್ದು. ಮಂಡಿಯೂರಿ ಕೂತು ಮಚ್ಚಿನಿಂದ ಹುಲ್ಲನ್ನು ಬೆರಳಿನಷ್ಟು ಎತ್ತರಕ್ಕೆ ಸವರಬೇಕು. ಆ ಹುಲ್ಲು ದನಕ್ಕಲ್ಲ, ಹಂದಿಗಲ್ಲ. ನೋಡುವುದಕ್ಕಂತೆ. ಕೊಯ್ದು ಎಸೆಯುವುದಕ್ಕೆಂದೇ ಹುಲ್ಲು ಬೆಳೆಸುವ ಜನ ಹಸಿದವರ ತೋಟಕ್ಕೆ ದನ ಬಿಡುತ್ತಾರೆ. ಮಂಡಿ ಸುಲಿದು ನೀರಾಡಿತು. ನೊಣ ಕೂತವು. ದೊಡ್ಡವ್ವನಿಗೆ ಸೊಂಟ ಹಿಡಿದರೆ ಏಳಲು ಆಗುತ್ತಿರಲಿಲ್ಲ. ನಾನು ಕಂಕುಳಿಗೆ ಕೈಕೊಟ್ಟು ಎತ್ತುತ್ತಿದ್ದೆ. ಜಗಲಿಯಲ್ಲಿ ಗಾಜಿನ ಲೋಟ ಹಿಡಿದು ಕೂತ ದೊರೆಸಾನಿಯರು ನಮ್ಮ ತಲೆಯ ಮೇಲಿಂದ ಕಡಲು ನೋಡುತ್ತಿದ್ದರು. ಒಂದು ದಿನ ಫ್ರೆಂಚ್ ದೊರೆಯ ನಾಯಿ ನಾನು ಸವರಿದ ಜಾಗದಲ್ಲೇ ಹೇತಿತು. ಕೈಯಿಂದ ಎತ್ತು ಅಂದರು. ಎತ್ತಿದೆ. ಆ ಕೈಯನ್ನು ಎಷ್ಟು ತೊಳೆದರೂ ಆ ದಿನ ನನಗೆ ಊಟ ಸೇರಲಿಲ್ಲ.

ಇಂಗ್ಲಿಷ್ ದೊರೆ ಒಮ್ಮೆ ಹತ್ತಿರ ಬಂದು ನಿಂತ. "ಇನ್ನು ಕಟ್ಟಲ್ಲ ಅಂತ ಒಂದು ಮಾತು ಹೇಳು. ಇವತ್ತೇ ಮನೆಗೆ ಹೋಗು."

ದೊಡ್ಡವ್ವ ಮಚ್ಚು ನಿಲ್ಲಿಸಲಿಲ್ಲ. "ಕಾಲು ತೆಗೀರಿ ದೊರೆ. ನೀವು ನಿಂತಿರೋ ಕಡೆ ಇನ್ನೂ ಕೊಯ್ಬೇಕು."

ಅತ್ತ ಊರಿನ ಸುದ್ದಿ ಬರುತ್ತಿತ್ತು. ಗರಿ ಕಿತ್ತರೂ ಆಳುಗಳು ದಾರಿಗೆ ಕಾಲಿಡಲಿಲ್ಲ. ಹಂದಿ ಬೀಳದೆ ಕಟ್ಟು ಹೋಗುವುದಿಲ್ಲ ಎಂದು ಕೂತುಬಿಟ್ಟರು. ಮೇಲಿನ ತೋಪಿನ ಕಾಯಿ ಅಲ್ಲೇ ಮೊಳಕೆ ಬಂದವು. ರೊಶೆ ತಾನೇ ಕುದುರೆ ಹತ್ತಿ ಹಳ್ಳದ ಕಡೆ ದನ ಅಟ್ಟಿದ. ನಮ್ಮ ಕುಲದ ಹೆಂಗಸರು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಹಳ್ಳದ ನೀರಲ್ಲಿ ಸಾಲಾಗಿ ನಿಂತರು. ಚಾಟಿ ಒಬ್ಬಳ ಭುಜ ಸೀಳಿತು. ಅವಳು ಜಾಗ ಬಿಡಲಿಲ್ಲ. ದನಗಳು ಬೆದರಿ ಹಿಂದಕ್ಕೆ ತಿರುಗಿದವು. ಬಿತ್ತನೆ ಉಳಿದಿದೆ ಎಂದು ಊಟ ತಂದ ಹುಡುಗಿ ಹೇಳಿದಳು. ಎಷ್ಟು ದಿನ ಉಳಿಯುತ್ತದೆ ಎಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಕಾಲ್ತಾಂಗ ಬಂದ. ಟೋಪಿ ಇರಲಿಲ್ಲ. ಹಿಂದೆ ಅವನ ಭಾವಂದಿರಿಬ್ಬರು ಹಂದಿಯ ಕಾಲು ಕಟ್ಟಿ ಗಳದಲ್ಲಿ ಹೊತ್ತು ತಂದಿದ್ದರು. ಹುಲ್ಲಿನ ಮೇಲೆ ಇಳಿಸಿದರು. ಕಾಲ್ತಾಂಗ ದೊಡ್ಡವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ದೊಡ್ಡವ್ವ, ತಗೋ. ನನ್ನ ಕೈ ಬಿಡಿಸು."

"ಯಾಕಪ್ಪ, ಕೈಗೇನಾಗದೆ?"

"ನನ್ನವ್ವ ನನ್ನ ಕೈಯಿಂದ ನೀರು ಇಸ್ಕೊಳ್ತಿಲ್ಲ. ಹೆಂಡ್ತಿ ಮಗು ಎತ್ಕೊಳ್ಳೋಕೆ ಬಿಡ್ತಿಲ್ಲ. ದೋಣೀಲಿ ಕೂತ್ರೆ ಜನ ಇಳಿದು ಹೋಗ್ತಾರೆ. ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತ ನನಗೂ ಗೊತ್ತು. ಕಿತ್ತಿದೀನಿ. ದಂಡ ತಂದಿದೀನಿ."

ಹಂದಿ ಚೆನ್ನಾಗಿತ್ತು. ಹಂದಿಗೆ ಬೆಲೆ ತರುವ ಕೋರೆ ಬಾಗಿ ಬರುತ್ತಿತ್ತು. ಬಡವನ ಮನೆಯ ಇದ್ದೊಂದು ಹಂದಿ ಎಂದು ನೋಡಿದರೇ ತಿಳಿಯುತ್ತಿತ್ತು. ತಗೊಳ್ಳಲಿ, ಇವನಾದರೂ ಬಿಡುಗಡೆಯಾಗಲಿ ಎಂದು ನನಗನ್ನಿಸಿತು. ದೊಡ್ಡವ್ವ ಹಂದಿಯ ಬೆನ್ನು ಸವರಿದಳು. ಆಮೇಲೆ ಕೈ ತೆಗೆದಳು.

"ವಾಪಸ್ ಹೊತ್ಕೊಂಡು ಹೋಗು ಮಗ. ಇದು ನಿನ್ನ ದಂಡ ಅಲ್ಲ."

"ಎಳೆದವನು ನಾನಲ್ವಾ ದೊಡ್ಡವ್ವ?"

"ಕೈ ನಿಂದು. ಎಳಿ ಅಂದಿದ್ದು ಯಾರ ಬಾಯಿ? ಎಳೆಸೋದು ಅವರು, ಹಂದಿ ಕಳ್ಕೊಳ್ಳೋದು ನೀನು. ಇಷ್ಟು ವರ್ಷ ಹಿಂಗೇ ನಡ್ಕೊಂಡು ಬಂತು. ಇನ್ನು ಸಾಕು. ಹೋಗಿ ನಿನ್ನ ದೊರೆಗಳಿಗೆ ಹೇಳು. ಗರಿ ಕೀಳಿಸಿದ್ದಕ್ಕೆ ದಂಡ ಅವರು ತರಬೇಕು. ತರೋತನಕ ನಿನ್ನ ಕೈ ಕಟ್ಟೇ ಇರಲಿ."

ಕಾಲ್ತಾಂಗ ಅತ್ತ. ಪೊಲೀಸಿನವನು ಅಳುವುದನ್ನು ನಾನು ಮೊದಲ ಸಲ ನೋಡಿದೆ. ನನಗೆ ದೊಡ್ಡವ್ವನ ಮೇಲೇ ಕೋಪ ಬಂತು. ಅವನೇನು ಮಾಡಿದ್ದ ಪಾಪ, ಅವನಿಗೂ ಹೊಟ್ಟೆಯಿದೆ. ಅದನ್ನೇ ಹೇಳಿದೆ.

"ಹೊಟ್ಟೆ ಎಲ್ಲರಿಗೂ ಅದೆ," ಅಂದಳು. "ಅದನ್ನ ಹಿಡ್ಕೊಂಡೇ ಅವರು ನಮ್ಮ ಕೈಯಿಂದ ನಮ್ಮ ಗರಿ ಕೀಳಿಸೋದು."

ಮರುದಿನ ಬೆಳಿಗ್ಗೆ ಬಾವುಟ ಏರಲಿಲ್ಲ.

ನಾವು ಮಂಡಿಯೂರಿ ಕೂತಿದ್ದೆವು. ಹೊತ್ತು ಏರಿತು. ಕಂಬ ಬೋಳಾಗಿ ನಿಂತಿತ್ತು. ಕಾಲ್ತಾಂಗ ಕಂಬದ ಬುಡದಲ್ಲಿ ಕೈಕಟ್ಟಿ ನಿಂತಿದ್ದ. "ಇಷ್ಟು ದಿನ ಹೆದರಿ ಎಳೆದೆ. ಇನ್ನು ಈ ಕೈ ಹಗ್ಗ ಎಳೆಯೋ ಹಂಗಿಲ್ಲ ದೊರೆ," ಅಂದ. ಆಚೆ ಗುಡ್ಡದಲ್ಲಿ ತಾನ್ನಾದವನೂ ಅದನ್ನೇ ಅಂದಿದ್ದ. ಉಳಿದ ಪೊಲೀಸರನ್ನು ಕರೆದರು. ಕಟ್ಟುಬಿದ್ದ ಕೈ ಹಿಡಿದ ಹಗ್ಗ ಮುಟ್ಟುವುದಿಲ್ಲ ಎಂದು ಅವರೂ ಹಿಂದೆ ಸರಿದರು. ಇಂಗ್ಲಿಷ್ ದೊರೆ ತಾನೇ ಎಳೆಯಲು ಹೋದ. ಆಚೆ ಗುಡ್ಡದವನು ಇನ್ನೂ ಎಳೆದಿಲ್ಲ, ತಾನೊಬ್ಬನೇ ಮೊದಲು ಏರಿಸಿದರೆ ರಂಪವಾಗುತ್ತದೆ ಎಂದು ನೆನಪಾಗಿ ನಿಂತ. ಆಚೆಯವನೂ ಈಚೆ ನೋಡುತ್ತ ಹಾಗೇ ನಿಂತಿದ್ದ. ಹೀಗೆ ಇಬ್ಬರೂ ಹಗ್ಗ ಹಿಡಿದು ಒಬ್ಬರನ್ನೊಬ್ಬರು ನೋಡುತ್ತ ನಿಂತದ್ದನ್ನು ಕಂಡು ನಾನು ಜೈಲಿಗೆ ಬಂದ ಮೇಲೆ ಮೊದಲ ಬಾರಿ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ವಾರದಲ್ಲೇ ರಾಜಧಾನಿ ವಿಲಾ ಪಟ್ಟಣದಿಂದ ಇವರ ಮೇಲಿನ ದೊಡ್ಡ ದೊರೆಗಳಿಬ್ಬರು ಹಡಗಿನಲ್ಲಿ ಬರುವವರಿದ್ದರು. ಅವರ ಕಣ್ಣಿ​ಗೆ ಬೋಳು ಕಂಬ ಬೀಳಬಾರದು. ಮಾವನನ್ನು ಕರೆಸಿದರು. ಮಾವ ನಮ್ಮ ಹತ್ತಿರ ಬಂದ. ಅಕ್ಕನ ಮಂಡಿ ನೋಡಿ ಅವನ ಮಾತು ತೊದಲಿತು.

"ಅಕ್ಕ, ಹಂದಿ ಕೊಡ್ತಾರಂತೆ. ಇಬ್ಬರೂ ಸೇರಿ ಜಂಟಿಯಾಗಿ ಒಂದು."

ದೊಡ್ಡವ್ವ ಮಚ್ಚು ಕೆಳಗಿಟ್ಟಳು. "ಜೈಲು ಎಷ್ಟು?"

"ಎರಡು."

"ಪೊಲೀಸು?"

"ಎರಡು."

"ಕಾನೂನು?"

"ಎರಡು ಅಕ್ಕ."

"ನಮ್ಮ ಬೆನ್ನಿಗೆ ಎಲ್ಲಾನೂ ಎರಡೆರಡು. ಕೊಡೋಕೆ ಬಂದಾಗ ಮಾತ್ರ ಒಂದಾ? ಎರಡು ಬಾವುಟಕ್ಕೆ ಎರಡು ಹಂದಿ. ಗರಿ ಕಿತ್ತ ಜಾಗಕ್ಕೇ ಬಂದು ಕೊಡಬೇಕು, ಊರೋರ ಮುಂದೆ. ಆಮೇಲೆ ಇನ್ನೊಂದು ಮಾತು. ಏನಕ್ಕೆ ಕೊಡ್ತಿದಾರೆ ಅಂತ ನೀನು ಬಾಯಿಬಿಟ್ಟು ಹೇಳಬೇಕು. ಚಪ್ಪಲಿ ನೋಡ್ಕೊಂಡಲ್ಲ."

ಎರಡು ದಿನ ಅವರಿಗೆ ಹಂದಿ ಹುಡುಕುವುದೇ ಕೆಲಸವಾಯಿತು. ಒಂದು ದಪ್ಪ, ಒಂದು ಸಣ್ಣ ಆದರೆ ಯಾರದು ಯಾವುದು ಎಂದು ಜಗಳ. ಕೊನೆಗೆ ಸರಿಸಮ ಎರಡು ಸಿಕ್ಕವು. ನಮ್ಮನ್ನು ಬಿಟ್ಟರು. ಗಾಡಿದಾರಿಯ ಕಂಬದ ಹತ್ತಿರ ಇಡೀ ಊರು ಸೇರಿತ್ತು. ಪಕ್ಕದ ದ್ವೀಪಗಳಿಂದ ಗೆಣಸು ಕುಲದ ಹೆಂಗಸರು ದೋಣಿ ಹಾಕಿಕೊಂಡು ಬಂದಿದ್ದರು. ರೊಶೆ ಕುದುರೆಯ ಮೇಲೆ ದೂರ ನಿಂತಿದ್ದ. ದೊರೆಗಳಿಗೆ ಅವಸರ. ಹಡಗು ಮಧ್ಯಾಹ್ನ ಬರುವುದಿತ್ತು.

ಮಾವ ಮುಂದೆ ಬಂದ. ಬರಿಗಾಲಲ್ಲಿದ್ದ. ಗಂಟಲು ಸರಿಮಾಡಿಕೊಂಡು ಮೊದಲು ನಮ್ಮ ಮಾತಲ್ಲಿ, ಆಮೇಲೆ ದೊರೆಗಳಿಗೆ ತಿಳಿಯುವ ಮಾತಲ್ಲಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದ. "ಈ ನೆಲ ಹೆಗ್ಗೆಣಸು ಕುಲದ್ದು. ಕುಲದ ಹಿರಿಯಳು ಲೇಪಕೋವಾ ಇಲ್ಲಿ ನಮೆಲೆ ಕಟ್ಟಿದಳು. ಅದನ್ನ ಕಿತ್ತದ್ದು ತಪ್ಪು. ಆ ತಪ್ಪಿಗೆ ಇಬ್ಬರು ದೊರೆಗಳು ದಂಡ ಕೊಡ್ತಿದಾರೆ. ಹೌದಾ ದೊರೆ?"

"ಹೌದು, ಹೌದು," ಫ್ರೆಂಚ್ ದೊರೆ ಗಡಿಯಾರ ನೋಡಿದ. ಇಂಗ್ಲಿಷ್ ದೊರೆ ತಲೆಯಾಡಿಸಿದ.

"ಅದಕ್ಕೆ ಒಪ್ಪಬೇಡಿ," ದೂರದಿಂದ ರೊಶೆ ಕೂಗಿದ. "ನಿಮಗೆ ಗೊತ್ತಿಲ್ಲ ಅದು ಏನಂತ." ಹಂದಿ ಕೊಟ್ಟರೆ ನೆಲ ಕಟ್ಟಿದವರದು ಎಂದು ಒಪ್ಪಿದ ಹಾಗೆ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದೊರೆಗಳು ತಿರುಗಿ ನೋಡಲಿಲ್ಲ. ಎರಡು ಹಂದಿಗಾಗಿ ಯಾರು ಇಷ್ಟು ಹೊತ್ತು ಬಿಸಿಲಲ್ಲಿ ನಿಲ್ಲುತ್ತಾರೆ ಎನ್ನುವ ಮುಖ ಅವರದು.

ದೊಡ್ಡವ್ವ ಎರಡೂ ಹಂದಿಯ ತಲೆ ಮುಟ್ಟಿದಳು. ಆಮೇಲೆ ಕಾಲ್ತಾಂಗನ ಕೈ ಹಿಡಿದು ಎಳನೀರು ಹಾಕಿ ತೊಳೆದಳು, ತಾನ್ನಾದವನದೂ ತೊಳೆದಳು. ಕಾಲ್ತಾಂಗನ ಹೆಂಡತಿ ಜನರ ನಡುವಿನಿಂದ ಬಂದು ಮಗುವನ್ನು ಅವನ ತೋಳಿಗೆ ಕೊಟ್ಟಳು. ಅವನು ಅದರ ಹೊಟ್ಟೆಗೆ ಮುಖ ಒತ್ತಿಕೊಂಡು ನಿಂತ.

"ಮುಗೀತಲ್ಲ," ಇಂಗ್ಲಿಷ್ ದೊರೆ ಅಂದ. "ರೊಶೆಯವರೇ, ನಿಮ್ಮ ಗಾಡಿ ಬಿಡಿ."

ದೊಡ್ಡವ್ವ ನನ್ನ ಕಡೆ ತಿರುಗಿದಳು. ನಾನು ಹಿಂದೆ ನಿಂತ ಹೆಂಗಸರ ಕಡೆ ತಿರುಗಿದೆ. ಅವರು ಕೈಯಿಂದ ಕೈಗೆ ದಾಟಿಸುತ್ತ ಹಸಿ ಗರಿಯೊಂದನ್ನು ಮುಂದೆ ಕಳಿಸಿದರು. ನಾವಿಬ್ಬರೂ ಅದೇ ಎರಡು ಕಂಬಕ್ಕೆ ಬಳ್ಳಿ ಎಳೆದು ಗರಿ ಕಟ್ಟಿದೆವು. ಅವಳದೊಂದು ಗಂಟು, ನನ್ನದೊಂದು ಗಂಟು.

ಗುಡ್ಡದ ಕಡೆ ಹೊರಟಿದ್ದ ದೊರೆಗಳು ತಿರುಗಿ ಬಂದರು. "ಏನಿದು?" ಇಂಗ್ಲಿಷ್ ದೊರೆ ಕೇಳಿದ. "ದಂಡ ಕೊಟ್ಟೆವಲ್ಲ?"

"ಕೊಟ್ಟಿರಿ. ಕಿತ್ತಿದ್ದು ತಪ್ಪು ಅಂತ ಕೊಟ್ಟಿರಿ," ದೊಡ್ಡವ್ವ ಅಂದಳು. "ತಪ್ಪಾಗಿ ಕಿತ್ತಿದ್ದು ಮತ್ತೆ ಮೊದಲಿದ್ದ ಕಡೆ ಬರಬೇಕಲ್ಲ."

"ಕಾಲ್ತಾಂಗ, ಕೀಳು ಅದನ್ನ."

ಕಾಲ್ತಾಂಗನ ಎರಡೂ ತೋಳಲ್ಲಿ ಮಗುವಿತ್ತು. ಅವನು ಕೇಳಿಸದವನ ಹಾಗೆ ಅದರ ಮೂಗು ಒರೆಸಿದ. ಕೆಳಗೆ ಕಡಲಲ್ಲಿ ಹಡಗು ಕೂಗಿತು. ಎರಡೂ ಗುಡ್ಡದ ಕಂಬಗಳು ಇನ್ನೂ ಬೋಳು. ದೊರೆಗಳು ಮುಖಮುಖ ನೋಡಿಕೊಂಡರು. ದೊಡ್ಡವ್ವ ಬಿತ್ತನೆಯ ತುಂಡಿನ ಕಡೆ ಹಳ್ಳಕ್ಕಿಳಿಯುತ್ತಿದ್ದವಳು ನಡುನೀರಲ್ಲಿ ನಿಂತು ಹಿಂದೆ ನೋಡಿದಳು.

"ನೀವೇ ಕೀಳೋದಾದ್ರೆ ಕೀಳ್ರಿ ದೊರೆ," ಅಂದಳು. "ಹಂದಿ ತಂದಿದೀರಾ?"